ದಾನವ್ವನ ಮಣಿಕಟ್ಟು ಮತ್ತು ಅಂಚು ಸೀಳಿದ ರೊಟ್ಟಿ

ವಿಜಯಪುರ ಸೀಮೆಯ ಒಂದು ಊರಿನಲ್ಲಿ ದಾನವ್ವ ಎಂಬ ಹೆಂಗಸು ಇದ್ದಳು. ಆಕೆಯ ಕೆಲಸ ಜೋಳದ ರೊಟ್ಟಿ ಬಡಿಯುವುದು. ಆ ಸೀಮೆಯಲ್ಲಿ ರೊಟ್ಟಿ ಬಡಿಯುವವರು ಮನೆಗೊಬ್ಬರು ಸಿಗುತ್ತಾರೆ, ಇದರಲ್ಲೇನು ವಿಶೇಷ ಎನ್ನಬೇಡಿ. ದಾನವ್ವನ ರೊಟ್ಟಿಯನ್ನು ಎತ್ತಿ ಹಿಡಿದರೆ ಆಚೆ ನಿಂತವರ ಮುಖ ಕಾಣುತ್ತದೆ ಎಂದು ಊರವರು ಹೇಳುತ್ತಿದ್ದರು. ಮುಖ ಕಾಣುತ್ತಿತ್ತು ಎನ್ನುವುದು ಸುಳ್ಳು. ಬೆಳಕು ಕಾಣುತ್ತಿತ್ತು ಎನ್ನುವುದು ನಿಜ.

ದಾನವ್ವ, ಆಕೆಯ ಹಳೆಯ ಗೆಳತಿ ಹುಸೇನಬಿ, ಹೊಸದಾಗಿ ಬಂದು ಸೇರಿದ ಕಸ್ತೂರಿ, ಈ ಮೂವರು ಕೂಡಿ ಒಂದು ಶೆಡ್ಡಿನಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದರು. ಮೂರು ಹಲಗೆ, ಮೂರು ಒಲೆ. ಬೆಳಿಗ್ಗೆ ಅವರು ಬಡಿಯಲು ಕುಳಿತರೆಂದರೆ ಆ ಸಪ್ಪಳಕ್ಕೇ ಓಣಿಯ ಮಕ್ಕಳಿಗೆ ಹಸಿವಾಗುತ್ತಿತ್ತು.

ದಾನವ್ವ ಕೆಲಸದಲ್ಲಿ ಜೋರು, ಕಲಿಸುವುದರಲ್ಲಿ ಇನ್ನೂ ಜೋರು. ಕಸ್ತೂರಿ ಬಡಿದ ರೊಟ್ಟಿಯ ಅಂಚು ಮೊದಮೊದಲು ಬಿರುಕು ಬಿಡುತ್ತಿತ್ತು. ಪಾಪ, ಆಕೆ ಬೆರಳನ್ನು ನೀರಲ್ಲದ್ದಿ ಆ ಬಿರುಕನ್ನು ಮುಚ್ಚಲು ಹೋಗುತ್ತಿದ್ದಳು. ದಾನವ್ವ ಆ ರೊಟ್ಟಿಯನ್ನು ಹಾಗೇ ಎತ್ತಿ ಮತ್ತೆ ಮುದ್ದೆ ಮಾಡಿ ಆಕೆಯ ಮುಂದೆ ಇಡುತ್ತಿದ್ದಳು. "ಅಂಚಿಗೆ ತೇಪಿ ಹಚ್ಚಬ್ಯಾಡ. ಸೀಳೂದು ಅಂಚಿನಾಗ, ತಪ್ಪಿರೂದು ನಾದೂದ್ರಾಗ. ಎಸರು ಕಡಿಮಿ ಆಗೇತಿ, ಹಿಟ್ಟು ಬೆಂದಿಲ್ಲ. ತಿರುಗಿ ನಾದು" ಎನ್ನುತ್ತಿದ್ದಳು. ಕುದಿಯುವ ನೀರಿಗೆ ಅವರ ಕಡೆ ಎಸರು ಅನ್ನುತ್ತಾರೆ. ಆ ಬಿಸಿ ಸಾಲದಿದ್ದರೆ ಜೋಳದ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ.

ಇಂಥ ದಾನವ್ವನಿಗೆ ಆರು ತಿಂಗಳಿಂದ ಬಲಗೈಯ ಮಣಿಕಟ್ಟು ನೋಯುತ್ತಿತ್ತು. ಮೊದಲು ಸಂಜೆ ಮಾತ್ರ ನೋಯುತ್ತಿದ್ದದ್ದು ಆಮೇಲೆ ಇಡೀ ದಿನ ನೋಯತೊಡಗಿತು. ಆಕೆ ಉಪ್ಪಿನ ಗಂಟಿನಿಂದ ಶಾಖ ಕೊಟ್ಟಳು. ಎಣ್ಣೆ ತಿಕ್ಕಿಸಿಕೊಂಡಳು, ಮುಲಾಮು ಹಚ್ಚಿಕೊಂಡಳು. ಯಾರೋ ಹೇಳಿದರೆಂದು ತಾಮ್ರದ ಬಳೆ ತೊಟ್ಟಳು. ಮುಲಾಮಿನ ವಾಸನೆ ರೊಟ್ಟಿಗೆ ಹತ್ತುತ್ತದೆ ಎಂದು ಹುಸೇನಬಿ ಗೊಣಗಿದ ಮೇಲೆ ಮುಲಾಮು ಬಿಟ್ಟು, ಮಣಿಕಟ್ಟಿಗೆ ಹಳೆ ಸೀರೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿಕೊಂಡಳು. ಪಟ್ಟಿ ದಪ್ಪವಾಗುತ್ತ ಹೋಯಿತು, ರೊಟ್ಟಿಯೂ ದಪ್ಪವಾಗುತ್ತ ಹೋಯಿತು. ಕೊನೆಗೆ ಕೈಯೆತ್ತಿ ತನ್ನ ತುರುಬು ತಾನು ಕಟ್ಟಿಕೊಳ್ಳುವುದೂ ಆಕೆಗೆ ಆಗದಾಯಿತು. ದಿನಾ ಬೆಳಿಗ್ಗೆ ಹುಸೇನಬಿಯೇ ಕಟ್ಟಿಕೊಡುತ್ತಿದ್ದಳು. ಐವತ್ತು ದಾಟಿದ ಹೆಂಗಸು ಮಗುವಿನ ಹಾಗೆ ಗೆಳತಿಯ ಮುಂದೆ ಬೆನ್ನು ಮಾಡಿ ಕೂರುವುದು ದಾನವ್ವನಿಗೆ ಬಹಳ ನಾಚಿಕೆಯ ವಿಷಯವಾಗಿತ್ತು.

ಆ ಸಮಯಕ್ಕೇ ಊರಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನಿಂದ ವಾರ್ಡನ್ ಬಾಯಿ ಬಂದರು. ಹಾಸ್ಟೆಲ್ಲಿಗೆ ದಿನಾ ಬೆಳಿಗ್ಗೆ ನೂರೈವತ್ತು ರೊಟ್ಟಿ ಬೇಕು, ಒಂದು ತಾಸಿನೊಳಗೆ ಬಿಸಿಯಾಗಿ ಬೇಕು ಎಂದರು. "ರೊಟ್ಟಿ ಮಷೀನಿನವರು ಈ ಕೆಲಸ ತಮಗ ಕೊಡ್ರಿ ಅಂತ ಬಂದು ಕೇಳಾಕತ್ತಾರ. ನನಗ ಕೈರೊಟ್ಟಿನ ಚಲೋ ಅನಸ್ತದ. ಆದ್ರ ಹುಡುಗ್ಯಾರು ಹಸಕೊಂಡು ಕಾಲೇಜಿಗೆ ಹೋಗಬಾರದು ನೋಡ್ರಿ. ಬರೂ ತಿಂಗಳ ಮೊದಲನೇ ಸೋಮವಾರ ಬರ್ತೀನಿ. ನನ್ನ ಮುಂದ ಒಂದು ತಾಸಿನ್ಯಾಗ ಬಡದು ತೋರಸ್ರಿ" ಎಂದು ಹೇಳಿ ಹೋದರು.

ಹುಸೇನಬಿ ತಾಸಿಗೆ ಐವತ್ತು ಬಡಿದಾಳು. ಕಸ್ತೂರಿ ನಲವತ್ತು. ಉಳಿದ ಅರವತ್ತು ಯಾರ ಪಾಲು ಎಂದು ಯಾರೂ ಕೇಳಲಿಲ್ಲ. ಮೊದಲಾದರೆ ದಾನವ್ವ ಮಾತಾಡುತ್ತ ಮಾತಾಡುತ್ತ ಅರವತ್ತು ಬಡಿಯುತ್ತಿದ್ದಳು. ಈಗ ಮೂವತ್ತಕ್ಕೇ ಆಕೆಯ ಮುಖ ಬೆವರಿನಲ್ಲಿ ತೊಯ್ಯುತ್ತಿತ್ತು. ಈ ಕೆಲಸ ಕೈತಪ್ಪಿದರೆ ಕೇಂದ್ರದ ಬಾಗಿಲು ಮುಚ್ಚಿದಂತೆಯೇ ಎಂದು ಆಕೆಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಕೈ ಹೋದರೆ ತಾನು ಜೋಳ ಹಸನು ಮಾಡುತ್ತ ಮೂಲೆಯಲ್ಲಿ ಕೂರಬೇಕಾಗುತ್ತದೆ ಎಂಬ ಭಯ ಆಕೆಯ ಎದೆಯಲ್ಲಿ ಕುಳಿತಿತ್ತು.

ಹುಸೇನಬಿ ಬಿಡಲಿಲ್ಲ. ಫಿಸಿಯೋಥೆರಪಿ ಮಾಡುವ ತೇಜಸ್ವಿನಿ ಎಂಬ ಹುಡುಗಿಯ ಹತ್ತಿರ ಗೆಳತಿಯನ್ನು ಎಳೆದುಕೊಂಡೇ ಹೋದಳು. ದಾನವ್ವ ಪಟ್ಟಿ ಸುತ್ತಿದ ಮಣಿಕಟ್ಟನ್ನು ಮುಂದೆ ಚಾಚಿದಳು. ತೇಜಸ್ವಿನಿ ಅದನ್ನು ನೋಡಿದಳು, ಒತ್ತಿದಳು, ತಿರುಗಿಸಿದಳು. ಆಮೇಲೆ ಎದ್ದು ಹಿಂದೆ ಹೋಗಿ ಬಲಗಡೆಯ ಹೆಗಲಹಲಗೆಯ, ಅಂದರೆ ಬೆನ್ನ ಮೇಲಿನ ಅಗಲ ಮೂಳೆಯ ಮೇಲೆ ಹೆಬ್ಬೆರಳಿನಿಂದ ಒಂದೊಂದೇ ಕಡೆ ಒತ್ತುತ್ತ ಬಂದಳು. ಒಂದು ಕಡೆ ಒತ್ತಿದಾಗ ದಾನವ್ವ ಕುಳಿತಲ್ಲಿಂದ ಜಿಗಿದಳು. ನೋವು ಹೆಗಲಿನಿಂದ ಹೊರಟು, ತೋಳಿನಗುಂಟ ಇಳಿದು, ನೇರ ಮಣಿಕಟ್ಟಿಗೆ ಬಂದು ನಿಂತಿತ್ತು.

"ಇಲ್ಲೊಂದು ಗಂಟು ಅದರಿ. ಸ್ನಾಯು ಬಿಗಿದು ಗಂಟಾಗ್ಯದ. ಮಣಿಕಟ್ಟಿನ್ಯಾಗ ಏನೂ ಆಗಿಲ್ಲ. ನೋವು ಇಲ್ಲಿಂದ ಅಲ್ಲಿಗೆ ಹೋಗ್ತದ" ಎಂದಳು ತೇಜಸ್ವಿನಿ. ಕೂದಲೆಳೆಯಷ್ಟು ಸಣ್ಣ ಸೂಜಿ ತೋರಿಸಿದಳು. "ಇದನ್ನ ಆ ಗಂಟಿಗೆ ಚುಚ್ತೀನಿ. ಇದರಾಗ ಔಷಧ ಇರೂದಿಲ್ಲ. ಅದಕ್ಕ ಡ್ರೈ ನೀಡ್ಲಿಂಗ್ ಅಂತಾರ. ಒಣ ಸೂಜಿ ಅನ್ರಿ ಬೇಕಾದ್ರ."

ದಾನವ್ವ ಸೂಜಿಯನ್ನೂ ನೋಡಿದಳು, ಹುಡುಗಿಯನ್ನೂ ನೋಡಿದಳು. ಆಮೇಲೆ ಸೆರಗು ಸರಿ ಮಾಡಿಕೊಂಡು ಎದ್ದಳು.

"ಕೈ ನೋಯ್ತೈತಿ ಅಂದ್ರ ಬೆನ್ನಿಗೆ ಚುಚ್ತೀನಿ ಅಂತೀ. ಅದೂ ಔಷಧ ಇಲ್ಲದ ಸೂಜಿ. ಹಿಟ್ಟು ಇಲ್ಲದ ರೊಟ್ಟಿ ತಿನಸ್ತೀನಿ ಅಂದಂಗಾತು. ನಡಿ ಹುಸೇನಬಿ" ಎಂದು ಹೊರಗೆ ಬಂದುಬಿಟ್ಟಳು. ತೇಜಸ್ವಿನಿಗೆ ಸಿಟ್ಟು ಬರಲಿಲ್ಲ. ನಗುತ್ತ ಸೂಜಿಯನ್ನು ಒಳಗಿಟ್ಟಳು.

ಒಂದು ವಾರ ಹೀಗೇ ಕಳೆಯಿತು. ಮಣಿಕಟ್ಟಿಗೆ ಇನ್ನೊಂದು ಸುತ್ತು ಪಟ್ಟಿ ಬಿತ್ತು. ಹಲಗೆಯ ಮುಂದೆ ಕುಳಿತು ಇಪ್ಪತ್ತೈದು ರೊಟ್ಟಿ ಮುಗಿಸುವಷ್ಟರಲ್ಲಿ ದಾನವ್ವನ ಕಣ್ಣಲ್ಲಿ ನೀರು ಬಂತು. ಹೊಗೆ ಎಂದು ಹೇಳಿ ಒರೆಸಿಕೊಂಡಳು. ಗ್ಯಾಸಿನ ಒಲೆಯಲ್ಲಿ ಹೊಗೆ ಎಲ್ಲಿಂದ ಬರಬೇಕು?

ಅಂಥ ಹೊತ್ತಿನಲ್ಲಿ ಆಕೆಯ ಕಣ್ಣು ಕಸ್ತೂರಿಯ ಹಲಗೆಯ ಮೇಲೆ ಬಿತ್ತು. ಕಸ್ತೂರಿ ಮತ್ತೆ ಬೆರಳನ್ನು ನೀರಲ್ಲದ್ದಿ ರೊಟ್ಟಿಯ ಅಂಚಿಗೆ ಒತ್ತುತ್ತಿದ್ದಳು. ಇಡೀ ದಿನದ ನೋವೆಲ್ಲ ದಾನವ್ವನ ನಾಲಿಗೆಗೆ ಬಂತು.

"ಎಷ್ಟು ಸಲ ಹೇಳಬೇಕ ನಿನಗ? ಸೀಳಿದ್ದು ಕಾಣೂದು ಒಂದು ಕಡೆ, ತಪ್ಪಾಗಿದ್ದು ಇನ್ನೊಂದು ಕಡೆ. ಕಂಡಲ್ಲೇ ತೇಪಿ ಹಚ್ಚಿಕೋತ ಕುಂತ್ರ ರೊಟ್ಟಿ ಆಗತೈತೇನು?"

ಹುಸೇನಬಿ ತನ್ನ ರೊಟ್ಟಿಯಿಂದ ಕಣ್ಣೆತ್ತಲಿಲ್ಲ. ಬಡಿಯುವುದನ್ನೂ ನಿಲ್ಲಿಸಲಿಲ್ಲ. "ಆ ಡಾಕ್ಟರ್ ಹುಡುಗಿನೂ ಅದನ್ನ ಹೇಳಿದ್ಳಲ್ಲ ಅಕ್ಕ" ಎಂದಳು.

ದಾನವ್ವ ತನ್ನ ಮಣಿಕಟ್ಟಿನ ಕಡೆ ನೋಡಿದಳು. ಏಳು ಸುತ್ತು ಪಟ್ಟಿ. ಆರು ತಿಂಗಳಿಂದ ತಾನು ಮಾಡಿದ್ದು ಇದೇ ಅಲ್ಲವೇ, ಬಿರುಕಿಗೆ ಒದ್ದೆ ಬೆರಳು ಒತ್ತಿದ್ದು. ಕಸ್ತೂರಿಗಾದರೋ ಬಂದು ಮೂರು ತಿಂಗಳು. ಮೂವತ್ತು ವರ್ಷ ರೊಟ್ಟಿ ಬಡಿದ ತನಗೆ ಇದು ತಿಳಿಯಲಿಲ್ಲವಲ್ಲ ಎಂದು ಆಕೆಗೆ ಒಳಗೊಳಗೇ ನಾಚಿಕೆಯಾಯಿತು. ಆಕೆ ಪಟ್ಟಿಯನ್ನು ಒಂದೊಂದೇ ಸುತ್ತು ಬಿಚ್ಚಿ ಹಲಗೆಯ ಪಕ್ಕಕ್ಕಿಟ್ಟಳು. "ಕಸ್ತೂರಿ, ನನ್ನ ಒಲಿ ಆರಸು. ನಾ ಸೂಜಿ ಚುಚ್ಚಿಸಿಕೊಂಡು ಬರ್ತೀನಿ" ಎಂದಳು.

ತೇಜಸ್ವಿನಿ ಏನೂ ಆಗಿಲ್ಲವೆಂಬಂತೆ ಒಳಗೆ ಕರೆದಳು. ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳ್ಳಗಾಗುವ ಗುಳಿಗೆ ತೆಗೆದುಕೊಳ್ಳುತ್ತೀರಾ ಎಂದು ವಿಚಾರಿಸಿಕೊಂಡಳು. ಬೋರಲು ಮಲಗಿಸಿ, ಹೆಗಲಹಲಗೆಯ ಚರ್ಮವನ್ನು ಹತ್ತಿಯಿಂದ ಒರೆಸಿ, ಹೊಸ ಸೂಜಿಯ ಪಾಕೀಟು ಒಡೆದಳು. ದಾನವ್ವ ಹಲ್ಲು ಕಚ್ಚಿ ಮಲಗಿದಳು. ಸೂಜಿ ಒಳಗೆ ಹೋದದ್ದೇ ಗೊತ್ತಾಗಲಿಲ್ಲ. ಅದು ಗಂಟಿಗೆ ತಾಗಿದ್ದು ಮಾತ್ರ ಗೊತ್ತಾಯಿತು. ಕಾದ ಹಂಚಿನ ಮೇಲೆ ನೀರಿನ ಹನಿ ಬಿದ್ದಂತೆ ಆ ಸ್ನಾಯು ಒಳಗೇ ಪಟಕ್ಕನೆ ಹಾರಿತು.

"ಅಯ್ಯ ನಮ್ಮವ್ವ, ಏನದು?"

"ಅದ ನೋಡ್ರಿ ಗಂಟು. ಸಿಕ್ತು."

ಮತ್ತೆ ಎರಡು ಸಲ ಹಾರಿ ಆಮೇಲೆ ಅದು ಸುಮ್ಮನಾಯಿತು. ದಾನವ್ವ ಎದ್ದು ಕುಳಿತಾಗ ತೇಜಸ್ವಿನಿ ಒಂದು ವಿಚಿತ್ರ ಮಾತು ಹೇಳಿದಳು. ರೊಟ್ಟಿ ಹೇಗೆ ಬಡಿಯುತ್ತೀರಿ, ಇಲ್ಲೇ ತೋರಿಸಿ ಎಂದಳು. ದಾನವ್ವ ನೆಲದ ಮೇಲೆ ಕುಳಿತು, ಮಡಚಿದ ಹಾಸಿಗೆಬಟ್ಟೆಯನ್ನೇ ಹಿಟ್ಟು ಮಾಡಿಕೊಂಡು ಬಡಿದಳು. ಬಡಿದು, ಅಂಗೈ ಮೇಲೆ ಎತ್ತಿಕೊಂಡು, ಬಲಗೈಯನ್ನು ದೂರ ಚಾಚಿ ಹಿಂದಕ್ಕೆ ತಿರುಗಿ, ಇಲ್ಲದ ಹಂಚಿನ ಮೇಲೆ ಹಾಸಿದಳು.

"ಒಲಿ ಅಷ್ಟು ಹಿಂದ ಯಾಕ್ರಿ?"

"ಹೊಸ ಶೆಡ್ಡಿಗೆ ಬಂದಾಗ ಗ್ಯಾಸಿನ ಪೈಪು ಅಲ್ಲೀತನಕ ಅಷ್ಟ ಮುಟ್ತಿತ್ತು. ಹಂಗ ಇಟ್ಟೀವಿ."

"ಯಾವಾಗ ಬಂದ್ರಿ ಹೊಸ ಶೆಡ್ಡಿಗೆ?"

ದಾನವ್ವ ಬೆರಳು ಮಡಚಿ ಎಣಿಸಿದಳು. ಏಳು ತಿಂಗಳಾಗಿತ್ತು. ಆಕೆಗೇ ನಗು ಬಂತು. ಎಸರು ಕಡಿಮೆಯಾದದ್ದು ಎಲ್ಲಿ ಎಂದು ಈಗ ಪೂರ್ತಿ ಗೊತ್ತಾಯಿತು.

"ಸೂಜಿ ಗಂಟು ಸಡಿಲ ಮಾಡ್ತದ, ಅಷ್ಟ. ಒಲಿ ಮುಂದ ತರ್ರಿ, ಎರಡು ದಿನ ರೊಟ್ಟಿ ಬಡೀಬ್ಯಾಡ್ರಿ, ನಾ ಹೇಳಿದ ವ್ಯಾಯಾಮ ದಿನಾ ಮಾಡ್ರಿ. ನೀವು ಮಾಡಲಿಲ್ಲ ಅಂದ್ರ ಗಂಟು ತಿರುಗಿ ಬರ್ತದ" ಎಂದಳು ತೇಜಸ್ವಿನಿ.

ಮರುದಿನ ಬೆನ್ನೆಲ್ಲ ಹುಣ್ಣಾದಂತೆ ನೋಯಿತು. ಮೊದಲು ಒಂದು ಕಡೆ ನೋಯುತ್ತಿತ್ತು, ಈಗ ಎರಡು ಕಡೆ ಎಂದು ದಾನವ್ವ ಇಡೀ ಓಣಿಗೆ ಕೇಳುವಂತೆ ಬೈದಳು. ಮೂರನೆಯ ದಿನ ಬೈಗುಳ ನಿಂತಿತು. ಮಣಿಕಟ್ಟು ಹಗುರಾಗಿತ್ತು. ಮುಂದಿನ ಎರಡು ವಾರದಲ್ಲಿ ಆಕೆ ಯಾರೂ ಎಳೆಯದೆ ತಾನೇ ಎರಡು ಸಲ ಹೋಗಿ ಚುಚ್ಚಿಸಿಕೊಂಡು ಬಂದಳು. ಗ್ಯಾಸಿನ ಪೈಪು ಬದಲಾಯಿತು, ಒಲೆ ಹಲಗೆಯ ಪಕ್ಕಕ್ಕೆ ಬಂತು. ದಿನಾ ಬೆಳಿಗ್ಗೆ ಗೋಡೆಗೆ ಕೈಯೂರಿ ಹೆಗಲು ತಿರುಗಿಸುತ್ತ ನಿಂತ ದಾನವ್ವನನ್ನು ನೋಡಿ ಓಣಿಯವರು ನಕ್ಕರು. ನಗಲಿ ಬಿಡಿ, ಆಕೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸೋಮವಾರ ಬಂತು. ವಾರ್ಡನ್ ಬಾಯಿ ಬಂದು ಕುರ್ಚಿ ಹಾಕಿಕೊಂಡು ಗೋಡೆಯ ಗಡಿಯಾರದ ಕೆಳಗೆ ಕುಳಿತರು. ಮೂರು ಒಲೆ ಹೊತ್ತಿದವು. ಮೂರು ಹಲಗೆಗಳ ಸಪ್ಪಳ ಶುರುವಾಯಿತು.

ಅರ್ಧ ತಾಸಿಗೆ ಬುಟ್ಟಿಯಲ್ಲಿ ಎಪ್ಪತ್ತೆರಡು ರೊಟ್ಟಿ ಇದ್ದವು. ಇನ್ನು ಮೂರು ಇದ್ದಿದ್ದರೆ ಸರಿಯಾಗುತ್ತಿತ್ತು. ಆ ಗಡಿಬಿಡಿಯಲ್ಲಿ ಕಸ್ತೂರಿ ಹೊಸ ಹಿಟ್ಟು ನಾದುವಾಗ ಅವಸರ ಮಾಡಿದಳು. ಬಡಿದ ಮೊದಲ ರೊಟ್ಟಿಯೇ ಅಂಚಿನಲ್ಲಿ ಸೀಳಿತು. ಆಕೆಯ ಬೆರಳು ನೀರಿನ ಕಡೆ ಹೋಯಿತು, ಅಲ್ಲೇ ನಿಂತಿತು. ಆಕೆ ದಾನವ್ವನ ಮುಖ ನೋಡಿದಳು. ತಿರುಗಿ ನಾದಿದರೆ ಐದು ನಿಮಿಷ ಹೋಗುತ್ತದೆ. ತೇಪೆ ಹಚ್ಚಿದರೆ ಲೆಕ್ಕಕ್ಕೆ ಒಂದು ರೊಟ್ಟಿ ಸಿಗುತ್ತದೆ.

"ತಿರುಗಿ ನಾದು. ನಿನ್ನ ರೊಟ್ಟಿ ನಾ ಬಡೀತೀನಿ" ಎಂದಳು ದಾನವ್ವ.

ಆಮೇಲೆ ಆ ಶೆಡ್ಡಿನಲ್ಲಿ ನಡೆದದ್ದನ್ನು ಹುಸೇನಬಿ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ದಾನವ್ವನ ಕೈ ಮೇಲೇಳುವುದು ಕಾಣುತ್ತಿತ್ತು, ಇಳಿಯುವುದು ಕಾಣುತ್ತಿರಲಿಲ್ಲವಂತೆ. ಮುದ್ದೆ ಹಲಗೆಗೆ ಬಿದ್ದರೆ ಚಂದ್ರನಷ್ಟು ದುಂಡಗೆ ಹರಡುತ್ತಿತ್ತು, ಹಂಚಿಗೆ ಹೋದರೆ ಉಬ್ಬಿಯೇ ಬರುತ್ತಿತ್ತು. ಕಸ್ತೂರಿ ಹಿಟ್ಟು ನಾದಿ ಮುಗಿಸಿ ಮತ್ತೆ ಕುಳಿತಳು. ಈ ಸಲ ಅಂಚು ಸೀಳಲಿಲ್ಲ. ಹೊರಗೆ ಓಣಿಯ ಜನ ಬಾಗಿಲಲ್ಲಿ ಕೂಡಿದರು. ಹೆಗಲು ತಿರುಗಿಸುವುದನ್ನು ನೋಡಿ ನಕ್ಕವರೇ ಈಗ ಗಟ್ಟಿಯಾಗಿ ಎಣಿಸತೊಡಗಿದರು. ನೂರಾ ನಲವತ್ತೆಂಟು, ನೂರಾ ನಲವತ್ತೊಂಬತ್ತು, ನೂರೈವತ್ತು. ಗಡಿಯಾರದಲ್ಲಿ ಇನ್ನೂ ಎರಡು ನಿಮಿಷ ಬಾಕಿ ಇತ್ತು. ದಾನವ್ವ ನಿಲ್ಲಿಸಲಿಲ್ಲ. ಮೇಲೆ ಇನ್ನೂ ಎರಡು ಬಡಿದು, ವಾರ್ಡನ್ ಬಾಯಿ ಊಟ ಮಾಡಿ ಹೋಗಬೇಕು ಎಂದಳು.

ವಾರ್ಡನ್ ಬಾಯಿ ಒಂದು ರೊಟ್ಟಿಯನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದರು. "ಮುಖ ಕಾಣ್ತದ ಅಂತ ಊರಾಗ ಹೇಳಿದ್ರು. ಕಾಣಲಿಲ್ಲಲ್ರಿ" ಎಂದು ನಕ್ಕರು. "ನಾಳಿಂದ ಕಳಸ್ರಿ. ಮಷೀನಿನವರಿಗೆ ಬ್ಯಾಡ ಅಂತ ನಾ ಹೇಳ್ತೀನಿ."

ದಾನವ್ವ ಹಲಗೆಯಿಂದ ಎದ್ದಳು. ಬಡಿದ ರಭಸಕ್ಕೆ ತುರುಬು ಬಿಚ್ಚಿ ಕೂದಲೆಲ್ಲ ಬೆನ್ನ ಮೇಲೆ ಹರಡಿತ್ತು. ದಿನದ ರೂಢಿಯಂತೆ ಹುಸೇನಬಿ ಕೈ ಒರೆಸಿಕೊಂಡು ಕಟ್ಟಿಕೊಡಲು ಹಿಂದೆ ಬಂದಳು. ದಾನವ್ವ ಬ್ಯಾಡ ಎಂಬಂತೆ ತಲೆಯಾಡಿಸಿದಳು. ಎಲ್ಲರ ಮುಂದೆ ಎರಡೂ ಕೈಗಳನ್ನು ಮೇಲೆತ್ತಿ, ಕೂದಲನ್ನು ಒಟ್ಟು ಮಾಡಿ, ಎರಡು ಸುತ್ತು ಸುತ್ತಿ, ತನ್ನ ತುರುಬನ್ನು ತಾನೇ ಬಿಗಿಯಾಗಿ ಕಟ್ಟಿಕೊಂಡಳು. ಹುಸೇನಬಿಯ ಕಣ್ಣು ತುಂಬಿದವು. ಆಕೆ ಹೊಗೆ ಎಂದು ಸುಳ್ಳು ಹೇಳಲಿಲ್ಲ.

ನೀತಿ: ನೋವು ಕಾಣುವ ಜಾಗವೇ ನೋವು ಹುಟ್ಟಿದ ಜಾಗವಲ್ಲ. ಕಂಡ ಬಿರುಕಿಗೆ ತೇಪೆ ಹಚ್ಚುತ್ತ ಕೂರದೆ ಅದರ ಮೂಲಕ್ಕೆ ಹೋಗುವವರೇ ಗೆಲ್ಲುತ್ತಾರೆ. ಮತ್ತೊಬ್ಬರಿಗೆ ದಿನಾ ಹೇಳುವ ಪಾಠವನ್ನು ಒಮ್ಮೆ ನಮಗೂ ಹೇಳಿಕೊಂಡರೆ ಆ ಗೆಲುವು ಬೇಗ ಬರುತ್ತದೆ.