ಸುಮ್ಮನಿದೆ ಎನ್ನುವ ಮಾತು

"ಬುದ್ಧಿ, ನಮಗೆ ಬೆಳಕು, ಮಳೆ, ಬೆಳೆ ಕೊಡುವವನು ಒಬ್ಬನೇ ಸೂರ್ಯ. ಅವನ ಬೆಳಕು ಹೆಚ್ಚೀತೋ ಕುಗ್ಗೀತೋ ಎಂದು ತಿಳಿಯಲು ಅವನನ್ನೇ ನೋಡಿದರೆ ಸಾಲದೆ? ಪಂಡಿತರು ಅವನಂಥ ದೂರದ ನಕ್ಷತ್ರಗಳನ್ನು ಯಾಕೆ ನೋಡುತ್ತಾ ಕೂರುತ್ತಾರೆ?" ಎಂದು ಮಠದಲ್ಲಿ ಓದುತ್ತಿದ್ದ ಮರಿದೇವ ಗುರುಗಳನ್ನು ಕೇಳಿದ.

ಗುರುಗಳು ನಕ್ಕರು. "ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತೀಯ. ಸರಿ. ಹುಣ್ಣು ಬೆನ್ನಲ್ಲಿದ್ದರೆ ಏನು ಮಾಡುತ್ತೀ? ಕೇಳು" ಎಂದು ಕತೆ ಹೇಳಿದರು.

ಒಬ್ಬ ಮಾವುತನಿದ್ದ. ಅಪ್ಪನ ಕಾಲದಿಂದಲೂ ಅವನ ಮನೆಯಲ್ಲಿ ಒಂದು ಆನೆಯಿತ್ತು. ಅದು ಯಾರ ಮೇಲೂ ಸೊಂಡಿಲೆತ್ತಿದ್ದಿಲ್ಲ. ಮಾವುತನ ಹೆಂಡತಿ ನೀರಿಗೆ ಹೋಗುವಾಗ ಕೂಸನ್ನು ಅದರ ಮುಂಗಾಲುಗಳ ನಡುವೆ ಮಲಗಿಸಿ ಹೋಗುತ್ತಿದ್ದಳು. ಆನೆ ಕಿವಿ ಬೀಸಿ ನೊಣ ಓಡಿಸುತ್ತಿತ್ತು. "ನಮ್ಮದು ಸುಮ್ಮನಿರುವ ಆನೆ" ಎಂದು ಮಾವುತ ಕಂಡವರಿಗೆಲ್ಲ ಹೇಳುತ್ತಿದ್ದ. ಹೆಮ್ಮೆಗೇನು, ಪುಕ್ಕಟೆ ಸಿಗುತ್ತದೆ.

ಒಂದು ಬೇಸಿಗೆಯಲ್ಲಿ ಆನೆ ಕಿವಿ ಬೀಸುವುದನ್ನು ಕಡಿಮೆ ಮಾಡಿತು. ಮೇವು ತಿನ್ನುತ್ತಿತ್ತು, ನೀರು ಕುಡಿಯುತ್ತಿತ್ತು. ಆದರೆ ನಿಂತರೆ ನಿಂತಲ್ಲೇ ನಿಲ್ಲುತ್ತಿತ್ತು. ಮಾವುತನಿಗೆ ಅಳುಕಾಯಿತು. ಅವನಿಗೆ ಗೊತ್ತಿದ್ದದ್ದು ಒಂದೇ ಆನೆ, ಹೋಲಿಸಿ ನೋಡಲು ಇನ್ನೊಂದಿಲ್ಲ. ಅದೇ ಕಾಡಿನ, ಅದೇ ವಯಸ್ಸಿನ ಆನೆಗಳು ಹೊಳೆಯಾಚೆಯ ಊರಿನಲ್ಲಿವೆ ಎಂದು ಕೇಳಿ ಅಲ್ಲಿಗೆ ಹೋದ.

ಅಲ್ಲಿ ಹಲವು ಆನೆಗಳಿದ್ದವು. ಕೆಲವು ಮೇಯುತ್ತಿದ್ದವು, ಕೆಲವು ಮೈಗೆ ಮಣ್ಣು ಎರಚಿಕೊಳ್ಳುತ್ತಿದ್ದವು. ಒಂದು ಮಾತ್ರ ದೂರದಲ್ಲಿ ಅಲುಗಾಡದೆ ನಿಂತಿತ್ತು. ಅದರ ಸುತ್ತ ಹುಲ್ಲು ಎದ್ದು ಬೆಳೆದಿತ್ತು. ಅಲ್ಲಿ ಯಾರೂ ತುಳಿದಿರಲಿಲ್ಲ. ಆ ಕಡೆ ಹೋಗುವವರು ಮಾತು ನಿಲ್ಲಿಸಿ ಹೋಗುತ್ತಿದ್ದರು.

ಮಾವುತನಿಗೆ ಸಮಾಧಾನವಾಯಿತು. "ಇದು ನಮ್ಮದರ ಹಾಗೇ ಇದೆ. ಸುಮ್ಮನಿದೆ" ಎಂದ.

ಅಲ್ಲಿದ್ದ ಮುದುಕ ಮಾವುತ ಅವನ ಬಾಯಿಗೆ ಕೈ ಅಡ್ಡ ಹಿಡಿದು ಕಿವಿಯಲ್ಲಿ ಪಿಸುಗುಟ್ಟಿದ. "ಮೆಲ್ಲಗೆ ಆಡಪ್ಪ. ಮದ ಎನ್ನುವ ಮಾತನ್ನು ನಾವು ಇಲ್ಲಿ ಆಡುವುದಿಲ್ಲ, ಅದಕ್ಕೆ ಕೇಳಿಸುತ್ತದೆ. ಮದವೇರುವ ಮೊದಲು ಹೀಗೆ ನಿಲ್ಲುತ್ತದೆ. ಅದಕ್ಕೇ ‘ಸುಮ್ಮನಿದೆ’ ಅನ್ನುತ್ತೇವೆ."

"ನಮ್ಮ ಆನೆಗೆ ಅದು ಬಂದದ್ದನ್ನು ನಮ್ಮಪ್ಪನೂ ಕಂಡಿಲ್ಲ."

"ನಿಮ್ಮಪ್ಪ ಎಷ್ಟು ಆನೆ ಕಂಡಿದ್ದ? ಕೆಲವಕ್ಕೆ ವರ್ಷಾವರ್ಷ ಬರುತ್ತದೆ. ಕೆಲವಕ್ಕೆ ಒಬ್ಬನ ಆಯುಸ್ಸಿನಲ್ಲಿ ಒಮ್ಮೆ."

ಮಾವುತನಿಗೆ ಕೂಸಿನ ನೆನಪಾಯಿತು. ಅದು ಹೆಂಡತಿ ನೀರಿಗೆ ಹೋಗುವ ಹೊತ್ತು. ಅವನು ಭಯದಿಂದ ಬಿದ್ದೆದ್ದು ಓಡಿದ, ಎದೆಮಟ್ಟದ ಹೊಳೆ ದಾಟಿ ಮನೆ ಮುಟ್ಟಿದ. ಅಂಗಳದಲ್ಲಿ ಆನೆ ನಿಂತಿತ್ತು. ಕಿವಿ ಆಡುತ್ತಿರಲಿಲ್ಲ. ಕೂಸು ಅದರ ಕಾಲುಗಳ ನಡುವೆ ಉಸಿರಾಡುತ್ತಾ ಮಲಗಿತ್ತು, ಕೂಸಿನ ಮುಖದ ತುಂಬ ನೊಣ ಕೂತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರಿದೇವ ತಡೆಯಲಾರದೆ ಕೇಳಿದ: "ಮಾವುತ ಕೂಸನ್ನು ಎತ್ತಿಕೊಂಡನೆ, ಬುದ್ಧಿ?"

"ಅವನೇನೋ ಎತ್ತಿಕೊಂಡ. ನಮ್ಮ ಸೂರ್ಯನೂ ಸುಮ್ಮನಿದ್ದಾನೆ, ಅವನಂಥವರಿಗೆ ಎಂದಾದರೂ ಮದವೇರುತ್ತದೆಯೋ ಎಂದು ಪಂಡಿತರು ದೂರದ ನಕ್ಷತ್ರಗಳಲ್ಲಿ ನೋಡುತ್ತಾರೆ. ಏರಿದರೆ, ಸೂರ್ಯನ ಕಾಲಡಿಯಿಂದ ನೀನು ಕೂಸನ್ನು ಎತ್ತಿಕೊಂಡು ಎಲ್ಲಿಗೆ ಹೋಗುತ್ತೀ, ಮರಿ?"