ಲೂರ್ದಮ್ಮನ ಹಾಳೆಯ ನಾಲ್ಕು ಖಾಲಿ ಮನೆ

ಹೊಳೆಯ ದಂಡೆಯಲ್ಲಿ, ಊರಿಗೆ ಹತ್ತುವ ಮೆಟ್ಟಿಲುಗಳ ಬುಡದಲ್ಲಿ, ಒಂದು ತಗಡಿನ ಚಾವಣಿ. ಅದರ ಕೆಳಗೆ ಚೌರಪ್ಪ ಮೇಷ್ಟ್ರು ಬ್ಯಾಂಡ್ ಕಲಿಸುತ್ತಿದ್ದರು.

ಪೊಲೀಸ್ ಬ್ಯಾಂಡಿನಲ್ಲಿ ಮೂವತ್ತು ವರ್ಷ ಕ್ಲಾರಿನೆಟ್ ಊದಿದವರು. ನಿವೃತ್ತರಾಗಿ ಊರಿಗೆ ಬಂದು ನೇಕಾರರಿಗೆ, ದೋಣಿಯವರಿಗೆ, ಮನೆಗೆಲಸದ ಹೆಂಗಸರಿಗೆ ಊದುವುದನ್ನು ಕಲಿಸಿದರು. ಅವರಿಗೆಂದೇ ಅರವತ್ತು ಹಾಡು ಕಟ್ಟಿದರು. ಹಾಳೆಯ ಮೇಲೆ ಅವರು ವಾದ್ಯದ ಹೆಸರು ಬರೆಯುತ್ತಿರಲಿಲ್ಲ. ಊದುವವರ ಹೆಸರು ಬರೆಯುತ್ತಿದ್ದರು.

ಮೇಷ್ಟ್ರಿಗೆ ವಯಸ್ಸಾಗುತ್ತಾ ಬಂತು. ಹೊಸ ಹಾಡನ್ನು ನಕಲು ಮಾಡುವ ಕೆಲಸ ಶಿಷ್ಯ ನಿಂಗರಾಜುವಿಗೆ ಬಂತು.

"ಒಬ್ಬೊಬ್ಬರ ಹಾಳೆ ಬೇರೆ ಬೇರೆ ಬರಿ. ಹಬ್ಬದ ದಿನ ಈ ನಲವತ್ತು ಮೆಟ್ಟಿಲು ನುಡಿಸಿಕೊಂಡೇ ಹತ್ತಬೇಕು. ಆಮೇಲೆ ಕೋಲು ಯಾರ ಕೈಗೆ ಅಂತ ನೋಡೋಣ."

ಬ್ಯಾಂಡಿನ ಮುಂದೆ ನಡೆಯುವವರು ಹಿಡಿಯುವ ಕೋಲು ಅದು; ಈವರೆಗೆ ಮೇಷ್ಟ್ರೇ ಹಿಡಿಯುತ್ತಿದ್ದರು. ಹನ್ನೊಂದು ವರ್ಷದಿಂದ ನಿಂಗರಾಜುವಿನ ಕಣ್ಣು ಅದರ ಮೇಲೇ.

ಮೇಷ್ಟ್ರು ತಾಳಕ್ಕೆ ಸರಿಯಾಗಿ ಗೆರೆ ಎಳೆದು ಹಾಳೆಯನ್ನು ಮನೆ ಮನೆಯಾಗಿ ಭಾಗ ಮಾಡುತ್ತಿದ್ದರು. ಲೂರ್ದಮ್ಮನ ಹಾಳೆಯಲ್ಲಿ, ಹಾಡಿನ ನಡುಮಧ್ಯೆ, ನಾಲ್ಕು ಮನೆ ಖಾಲಿ ಇದ್ದವು.

ಲೂರ್ದಮ್ಮ ಊದುತ್ತಿದ್ದದ್ದು ಎಲ್ಲಕ್ಕಿಂತ ದೊಡ್ಡ ಹಿತ್ತಾಳೆ ಕಹಳೆ. ಅದರ ಸದ್ದಿಗೇ ಎಲ್ಲರೂ ಹೆಜ್ಜೆ ಹಾಕುವುದು.

ಮೇಷ್ಟ್ರಿಗೆ ಮರೆವು ಬಂತು ಎಂದುಕೊಂಡ ನಿಂಗರಾಜು. ನಾಲ್ಕೂ ಮನೆಗೆ ಚೆಂದದ ಸ್ವರ ತುಂಬಿಸಿದ. ಬರೆದದ್ದನ್ನು ಎರಡು ಸಲ ಗುನುಗಿ ತಾನೇ ತಲೆದೂಗಿದ.

ಮರುದಿನ ಬೆಳಿಗ್ಗೆ ಲೂರ್ದಮ್ಮ ಐದು ತಿಂಗಳ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಅಭ್ಯಾಸಕ್ಕೆ ಬಂದಳು. ಬ್ಯಾಂಡು ಮೆಟ್ಟಿಲು ಹತ್ತತೊಡಗಿತು.

ಇಪ್ಪತ್ತನೇ ಮೆಟ್ಟಿಲಿನಲ್ಲಿ ಕಹಳೆ ನಿಂತಿತು. ಎಲ್ಲರ ಹೆಜ್ಜೆ ತಪ್ಪಿತು. ಒಬ್ಬರ ಬೆನ್ನಿಗೆ ಇನ್ನೊಬ್ಬರ ವಾದ್ಯ ತಗುಲಿತು.

"ಯಾಕಕ್ಕಾ ನಿಲ್ಲಿಸಿದೆ?" ಎಂದು ರೇಗಿದ ನಿಂಗರಾಜು.

"ನಾನೆಲ್ಲಿ ನಿಲ್ಲಿಸಿದೆ, ಅದೇ ನಿಂತುಹೋಯ್ತು. ನೀನು ಬರೆದದ್ದನ್ನ ಊದೋಕೆ ಇನ್ನೊಂದು ಎದೆ ಬೇಕಪ್ಪಾ. ಇರೋ ಎದೇಲಿ ಮಗೂಗೂ ಪಾಲಿದೆ."

ಮೇಷ್ಟ್ರು ಅವಳ ಹಾಳೆ ನೋಡಿದರು.

"ಅಲ್ಲಿ ಖಾಲಿ ಇತ್ತು ಮೇಷ್ಟ್ರೇ," ಎಂದ ನಿಂಗರಾಜು. "ಮರೆತಿರಬೇಕು ಅಂತ ನಾನೇ ತುಂಬಿಸಿದೆ."

ಮೇಷ್ಟ್ರು ಕಹಳೆಯನ್ನು ಅವನ ಕೊರಳಿಗೆ ಹಾಕಿದರು.

"ಕೆಳಗಿಂದ ಬಾ. ನೀನೇ ಊದು."

ನಿಂಗರಾಜು ಹೊಳೆಯ ತನಕ ಇಳಿದು, ಊದುತ್ತಾ ಹತ್ತಿದ. ಹತ್ತೊಂಬತ್ತನೇ ಮೆಟ್ಟಿಲಿನಲ್ಲಿ ಕಣ್ಣು ಕತ್ತಲಿಟ್ಟು ಕುಳಿತುಬಿಟ್ಟ.

"ನೀರು ತರಲೇನಪ್ಪಾ," ಎಂದಳು ಲೂರ್ದಮ್ಮ, "ಇಲ್ಲಾ ಹಾಲೇ ಬೇಕಾ?"

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಅವನ ಪಕ್ಕ ಕುಳಿತರು.

"ಈ ಹಾಡು ಒಂದೇ ಸಂಜೆಯಲ್ಲಿ ಆಯ್ತು, ನಿಂಗರಾಜು. ಆ ನಾಲ್ಕು ಮನೆಗೆ ಹನ್ನೆರಡು ದಿನ ಹಿಡೀತು."

"ಖಾಲಿ ಬಿಡೋಕೆ ಹನ್ನೆರಡು ದಿನವಾ?"

"ಇವಳು ಕೊಡ ಹೊತ್ತು ಹತ್ತುವಾಗ ಹಿಂದೆ ನಡೆದೆ. ಎಲ್ಲಿ ಏದುಸಿರು ಬರುತ್ತೆ, ಎಷ್ಟು ಹೊತ್ತಿಗೆ ಇಳಿಯುತ್ತೆ ಅಂತ ಎಣಿಸಿದೆ."

"ಅಯ್ಯೋ ಮೇಷ್ಟ್ರೇ," ಎಂದಳು ಲೂರ್ದಮ್ಮ, "ಡಾಕ್ಟರು ನಡೆಯೋಕೆ ಹೇಳಿದ್ದಾರೆ ಅಂದಿದ್ರಿ!"

"ಅವರೂ ಹೇಳಿದ್ದರು."

ನಿಂಗರಾಜು ತಲೆ ಎತ್ತಲಿಲ್ಲ. "ಹಾಗಾದರೆ ಕೋಲು ನನ್ನ ಕೈಗೆ ಬರೋದಿಲ್ಲ, ಅಲ್ವಾ?"

"ಹಾಳೆ ಮತ್ತೆ ಬರಿ," ಎಂದರು ಮೇಷ್ಟ್ರು.

ಅವನು ಅಂದೇ ಬರೆಯಲಿಲ್ಲ. ಒಂಬತ್ತು ದಿನ ಬ್ಯಾಂಡಿನ ಒಬ್ಬೊಬ್ಬರ ಹಿಂದೆಯೂ ಮೆಟ್ಟಿಲು ಹತ್ತಿದ, ಇಳಿದ. ಹತ್ತನೇ ದಿನ ಹೊಸ ಹಾಳೆಗಳನ್ನು ತಂದು ಮೇಷ್ಟ್ರ ಮುಂದಿಟ್ಟ.

ಲೂರ್ದಮ್ಮನ ನಾಲ್ಕು ಮನೆ ಮತ್ತೆ ಖಾಲಿ ಇದ್ದವು. ಮೇಷ್ಟ್ರು ತಲೆಯಾಡಿಸಿದರು. ಮುಂದೆ ಓದುತ್ತಾ ಹೋದ ಅವರ ಬೆರಳು ಒಂದು ಕಡೆ ನಿಂತಿತು.

ಹಾಡು ಮುಗಿಯುವ ಮೊದಲು ಇನ್ನೊಂದು ಮನೆ ಖಾಲಿ ಇತ್ತು. ಲೂರ್ದಮ್ಮನ ಹಾಳೆಯಲ್ಲಿ ಮಾತ್ರವಲ್ಲ, ಎಲ್ಲರ ಹಾಳೆಯಲ್ಲೂ. ಡ್ರಮ್ಮು ಬಾರಿಸುವವನ ಹಾಳೆಯಲ್ಲೂ.

"ಇದು ನಾನು ಬಿಟ್ಟದ್ದಲ್ಲ."

"ಅಲ್ಲ ಮೇಷ್ಟ್ರೇ."

"ಡ್ರಮ್ಮಿಗೆ ಯಾಕೋ ಉಸಿರು? ಇದು ಯಾರಿಗೆ?"

ನಿಂಗರಾಜು ಹೇಳಿದ. "ಮೂವತ್ತನೇ ಮೆಟ್ಟಿಲಿನಲ್ಲಿ ನಿಮ್ಮ ಕೋಲು ಕೆಳಗಿಳಿಯುತ್ತೆ. ಬಾಯಲ್ಲಿ ಉಸಿರು ಎಳೀತೀರಿ, ಹಿಂದೆ ಬರುವಾಗ ನನಗೆ ಕೇಳಿಸ್ತು. ನೀವು ಮುಂದೆ ಇರ್ತೀರಲ್ಲ, ಯಾರಿಗೂ ನಿಮ್ಮ ಮುಖ ಕಾಣೋದಿಲ್ಲ."



ಮೇಷ್ಟ್ರು ಎದ್ದು, ಗೋಡೆಯ ಗೂಟದಿಂದ ಕೋಲು ತೆಗೆದು ಅವನ ಕೈಗಿಟ್ಟರು. ಪೆಟ್ಟಿಗೆ ತೆರೆದು ತಮ್ಮ ಹಳೆಯ ಕ್ಲಾರಿನೆಟ್ಟನ್ನು ಹೊರಗೆ ತೆಗೆದು ಒರೆಸತೊಡಗಿದರು.

"ನೀನು ಮುಂದೆ ನಡಿ. ನಾನು ಲೂರ್ದಮ್ಮನ ಪಕ್ಕ ಬರ್ತೀನಿ. ನನ್ನ ಹೆಸರಲ್ಲೂ ಒಂದು ಹಾಳೆ ಬರಿ."