ಉಳಿಸಿಕೊಂಡ ಹುದುಗು

ಬೊಮ್ಮಯ್ಯ ಎಂಬ ಶಿಷ್ಯ ಗುರುವನ್ನು ಕೇಳಿದ: "ಅಪ್ಪಾ, ಇನ್ನೊಬ್ಬರ ಬಾಗಿಲಲ್ಲಿ ನಿಂತು ಬೇಡದೆ, ತನ್ನಲ್ಲಿ ಇದ್ದಷ್ಟರಲ್ಲೇ ಮುಗಿಸಿಕೊಳ್ಳುವುದು ದೊಡ್ಡ ಗುಣವಲ್ಲವೇ?"

ಗುರು ಒಂದು ಕತೆ ಹೇಳತೊಡಗಿದ.

ಒಂದು ಕೇರಿ. ಅಲ್ಲಿ ಒಬ್ಬ ಬುಟ್ಟಿ ಹೆಣೆಯುವವ. ಅವನ ಹೆಂಡತಿ ಸತ್ತು ವರ್ಷ ತುಂಬುತ್ತಿತ್ತು. ವರ್ಷದ ಎಡೆಗೆ ಮನೆಯಲ್ಲೇ ಅಕ್ಕಿಯ ಹೆಂಡ ಹುದುಗಿಸಬೇಕು ಎಂಬುದು ಆ ಕೇರಿಯ ಕಟ್ಟಳೆ. ಮೊದಲ ಬಟ್ಟಲು ಸತ್ತವರಿಗೆ. ಎರಡನೆಯದು ಹುದುಗಿಸಿದವರಿಗೆ. ಆಮೇಲೆ ನೆಂಟರಿಗೆ. ಕೊಂಡು ತಂದ ಹೆಂಡ ಎಡೆಗೆ ನಡೆಯದು.

ಅನ್ನ ಬೇಯಿಸಲು ಅವನಿಗೆ ಬರುತ್ತಿತ್ತು. ಗಡಿಗೆಯೂ ಇತ್ತು. ಬೇಕಾದದ್ದು ಹುದುಗು. ಅಕ್ಕಿಹಿಟ್ಟಿಗೆ ಬೇರು ಅರೆದು ಹಾಕಿ, ಹಳೆಯ ಹುದುಗಿನ ಪುಡಿ ಬೆರೆಸಿ, ತಟ್ಟಿ ಒಣಗಿಸಿದ ಬಿಲ್ಲೆ ಅದು. ಅನ್ನಕ್ಕೆ ಜೀವ ಕೊಡುವುದು ಅದೇ. ಒಂದು ಗಡಿಗೆಗೆ ಎಂಟು ಬಿಲ್ಲೆ ಬೇಕು. ಹೆಂಡತಿ ತಟ್ಟಿದ್ದರಲ್ಲಿ ನಾಲ್ಕು ಉಳಿದಿದ್ದವು. ಅವನ್ನು ಅವಳ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದ. ಆಗಾಗ ತೆಗೆದು ನೋಡುತ್ತಿದ್ದ. ಬಿಲ್ಲೆಯ ಮೇಲೆ ಅವಳ ಬೆರಳು ಒತ್ತಿದ ಗುರುತಿತ್ತು.

ಹುದುಗು ಕಡಿಮೆ ಬಿದ್ದವರು ಮೊರ ಹಿಡಿದು ಎದುರು ಮನೆಯ ಬಾಗಿಲಲ್ಲಿ ನಿಂತರೆ ಸಾಕಿತ್ತು. ಬಾಯಿ ಬಿಡುವುದೂ ಬೇಡ, ಮೊರಕ್ಕೆ ಹಾಕುತ್ತಿದ್ದರು. ಮುಂದೆ ತಾನು ತಟ್ಟಿದಾಗ ಅಷ್ಟೇ ತಿರುಗಿ ಕೊಡುವುದು. ಆದರೆ ಅದು ಹೆಂಗಸರ ದಾರಿ. ಗಂಡಸು ಮೊರ ಹಿಡಿದು ನಿಂತದ್ದನ್ನು ಆ ಕೇರಿ ಕಂಡಿರಲಿಲ್ಲ.

"ನಮ್ಮವಳು ಯಾರ ಬಾಗಿಲಿಗೂ ಹೋದವಳಲ್ಲ" ಎಂದು ಅವನು ತನಗೆ ತಾನೇ ಹೇಳಿಕೊಂಡ. ಹೋಗಿದ್ದಳೋ ಇಲ್ಲವೋ ಅವನು ನೋಡಿರಲಿಲ್ಲ. ಅವಳು ಹುದುಗಿಸಿದ್ದನ್ನು ಕುಡಿದದ್ದಷ್ಟೇ ಅವನಿಗೆ ಗೊತ್ತು.

ಆಚೆ ಊರಿನ ಸಂತೆಗೆ ಹೋದ. ಮೂಲೆಯಲ್ಲಿ ಒಬ್ಬಳು ಹುದುಗು ಮಾರುತ್ತಿದ್ದಳು.

"ಒಂದು ಗಡಿಗೆಗೋ? ಎಂಟು ಒಯ್ಯಿ. ಇವು ಸ್ವಲ್ಪ ಹಳೆಯವು, ಹತ್ತಾದರೂ ಸರಿಯೆ. ಹಿಂದಿನ ದಿನ ಉಗುರುಬೆಚ್ಚನೆಯ ಗಂಜಿಗೆ ಪುಡಿ ಮಾಡಿ ಹಾಕು. ನೊರೆ ಎದ್ದರೆ ಜೀವ ಇದೆ ಅಂತ. ಆಮೇಲೆ ಅನ್ನಕ್ಕೆ ಬೆರೆಸು" ಎಂದಳು.

ಅಷ್ಟರಲ್ಲಿ ತನ್ನ ಕೇರಿಯವನೊಬ್ಬ ಅತ್ತಲೇ ಬರುವುದು ಕಂಡಿತು. ಹುದುಗು ಕೊಳ್ಳುವುದು ಕೇರಿಗೆ ತಿಳಿದೀತೆಂದು ಇವನು ನಾಚಿದ.

"ಗಡಿಗೆಗಲ್ಲ ತಾಯಿ, ಎತ್ತಿನ ಮದ್ದಿಗೆ. ಮೇವು ಬಿಟ್ಟಿದೆ. ಮೂರು ಸಾಕು."

"ಮೇವು ಬಿಟ್ಟು ಹೆಂಡ ಹಿಡಿಯಿತೋ? ಯಜಮಾನನನ್ನು ನೋಡಿ ಕಲಿತಿರಬೇಕು" ಎಂದಳು. ಸುತ್ತಲಿದ್ದವರು ನಕ್ಕರು. ಅವನ ಮನೆಯಲ್ಲಿ ಎತ್ತೇ ಇರಲಿಲ್ಲ. ಮೂರು ಬಿಲ್ಲೆಗಳನ್ನು ಟವೆಲಿನೊಳಗೆ ಮುಚ್ಚಿಕೊಂಡು, ಮೂಸಿಯೂ ನೋಡದೆ ಬಂದ.

ಮನೆಯ ನಾಲ್ಕು, ಸಂತೆಯ ಮೂರು. ಏಳಾಗುತ್ತಿತ್ತು. ಹೆಚ್ಚುಕಮ್ಮಿ ಸಾಲುತ್ತಿತ್ತು. ಹೆಂಡತಿಯ ಬಿಲ್ಲೆಗಳನ್ನು ಕಲ್ಲಿನ ಮೇಲಿಟ್ಟು ಗುಂಡು ಎತ್ತಿದ. ಕೈ ಇಳಿಯಲಿಲ್ಲ. ಗುರುತು ಮಾಸಿದ ಒಂದನ್ನು ಆರಿಸಿ ಪುಡಿ ಮಾಡಿದ. ಮೂರನ್ನು ಮತ್ತೆ ಸೀರೆಯಲ್ಲಿ ಸುತ್ತಿಟ್ಟ. ಗಂಜಿಗೂ ಹಾಕಿ ನೋಡಲಿಲ್ಲ. ನೊರೆ ಏಳದಿದ್ದರೆ ಏನು ಮಾಡಬೇಕು ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೇ ನೋಡಲಿಲ್ಲ. ನಾಲ್ಕನ್ನೇ ಅನ್ನಕ್ಕೆ ಕಲಸಿ ಗಡಿಗೆಯ ಬಾಯಿ ಕಟ್ಟಿದ.

ಹೆಂಡತಿ ಕಟ್ಟಿದ ಗಡಿಗೆ ಎರಡನೆಯ ದಿನಕ್ಕೇ ಒಳಗೊಳಗೆ ಗುಸುಗುಟ್ಟುತ್ತಿತ್ತು. ಇವನ ಗಡಿಗೆ ಗುಸುಗುಟ್ಟಲಿಲ್ಲ. ಆಗಲೂ ಹೊತ್ತು ಮೀರಿರಲಿಲ್ಲ. ಮೊರ ತೆಗೆದುಕೊಂಡು ಹೊಸ್ತಿಲ ತನಕ ಬಂದ. ಎದುರು ಮನೆಯ ಮುದುಕಿ ಜಗಲಿಯ ಮೇಲೆ ಕೂತಿದ್ದಳು. ನೋಡಿದಳು. ಇವನು ಮೊರದಲ್ಲಿ ಏನೋ ಕೇರುವವನ ಹಾಗೆ ಎರಡು ಸಲ ಬರಿಯ ಮೊರವನ್ನೇ ಕೊಡವಿ ಒಳಗೆ ಹೋದ.

ಎಡೆಯ ದಿನ ನೆಂಟರು ಬಂದರು, ಎದುರು ಮನೆಯ ಮುದುಕಿಯೂ ಬಂದಳು. ಹೆಂಡತಿಯ ಅಣ್ಣ ಎರಡು ಹಗಲು ನಡೆದು ಬಂದಿದ್ದ. ಗಡಿಗೆಯ ಬಾಯಿ ಬಿಚ್ಚಿದರೆ ನೆನೆದ ತೊಗಲಿನ ವಾಸನೆ. ಮೇಲೆ ಲೋಳೆ. ಕೆಟ್ಟಿದೆ ಎಂದು ಅವನಿಗೆ ತಿಳಿಯಿತು. ಹೇಳಬಹುದಿತ್ತು. ಹೇಳಲಿಲ್ಲ. ಲೋಳೆಯನ್ನು ಸೌಟಿನಿಂದ ಸರಿಸಿ, ಮೊದಲ ಬಟ್ಟಲು ತುಂಬಿ ಹೆಂಡತಿಯ ಎಡೆಗೆ ಇಟ್ಟ. ಎರಡನೆಯದನ್ನು ಮುಖ ಕಿವುಚದೆ ತಾನು ಕುಡಿದ. ಉಳಿದದ್ದನ್ನು ನೆಂಟರಿಗೆ ಹಂಚಿದ.

ಹೆಂಡತಿಯ ಅಣ್ಣ ಒಂದು ಗುಟುಕು ನುಂಗಿ ಬಟ್ಟಲು ಕೆಳಗಿಟ್ಟ. "ಬಿಸಿಲಲ್ಲಿ ನಡೆದೆ ಭಾವ, ಹೊಟ್ಟೆ ಸರಿಯಿಲ್ಲ" ಎಂದು ಬಾಯಿ ಒರೆಸಿಕೊಂಡ. ಬೈದಿದ್ದರೆ ಚೆನ್ನಾಗಿತ್ತು ಎಂದು ಇವನಿಗೆ ಅನಿಸಿತು.

ಎಲ್ಲರೂ ಹೋದ ಮೇಲೆ ಮುದುಕಿ ಉಳಿದಳು. "ಎಷ್ಟು ಹಾಕಿದೆ?" ಎಂದಳು.

"ನಾಲ್ಕು."

"ಅವಳದು ಇರಲಿಲ್ಲವೇ?"

"ಮೂರು ಇಟ್ಟುಕೊಂಡಿದ್ದೇನೆ."

"ತಾ."

ತಂದ. ಮುದುಕಿ ಒಂದು ಬಿಲ್ಲೆ ಮುರಿದು ಬೆಚ್ಚನೆಯ ಗಂಜಿಗೆ ಉದುರಿಸಿದಳು. ಇಬ್ಬರೂ ಕಾದರು. ಪುಡಿ ತಳಕ್ಕೆ ಹೋಗಿ ಕೂತಿತು. ಸಂಜೆಯ ತನಕ ಒಂದು ಗುಳ್ಳೆ ಏಳಲಿಲ್ಲ. ಇನ್ನೆರಡನ್ನು ಮುರಿಯಲು ಅವಳು ಹೋಗಲಿಲ್ಲ.

"ಹುದುಗು ಕಡಿಮೆಯಾದರೆ ಗಡಿಗೆ ಖಾಲಿ ಕೂರುವುದಿಲ್ಲ ಮಗ" ಎಂದಳು. "ಕಂಡಕಂಡ ಹುಳಿ ಬಂದು ಮೊದಲು ಜಾಗ ಹಿಡಿಯುತ್ತದೆ. ನಿನ್ನ ಹೆಂಡತಿ ಪ್ರತಿ ಸಲವೂ ನನ್ನ ಬಾಗಿಲಿಗೆ ಬಂದಳು. ನಾನೂ ಅವಳ ಬಾಗಿಲಿಗೆ ಹೋದೆ. ಅದಕ್ಕೆ ಬೇಡುವುದು ಅಂತ ಯಾರೂ ಹೆಸರಿಟ್ಟಿರಲಿಲ್ಲ. ಅವಳು ಕೊಟ್ಟದ್ದರಿಂದ ನಾನು ತಟ್ಟಿದೆ, ನನ್ನದರಿಂದ ಆಚೆ ಮನೆಯವರು ತಟ್ಟಿದರು. ಅವಳ ಕೈಯ ಹುದುಗು ಈಗ ಕೇರಿಯ ಎಲ್ಲ ಮನೆಯಲ್ಲೂ ನೊರೆ ಏಳುತ್ತಿದೆ. ನಿನ್ನ ಮನೆಯಲ್ಲಿ ಮಾತ್ರ ಇಲ್ಲ."

ಎಡೆಯ ಮುಂದಿನ ಬಟ್ಟಲಿಗೆ ನೊಣ ಮುತ್ತಿತ್ತು. ಅವನು ಅದನ್ನು ಎತ್ತಿ ಹಿತ್ತಲಿಗೆ ಚೆಲ್ಲಿದ.

"ಎದುರು ಬಾಗಿಲು. ಹತ್ತು ಹೆಜ್ಜೆ" ಎಂದು ಹೇಳಿ ಮುದುಕಿ ಹೋದಳು.

ಗುರು ಇಷ್ಟು ಹೇಳಿ ನಿಲ್ಲಿಸಿದ. ಬೊಮ್ಮಯ್ಯ ಕೇಳಿದ:

"ಮಾರನೆಯ ದಿನ ಅವನು ಮೊರ ಹಿಡಿದು ಹೋದನೇ ಅಪ್ಪಾ?"

"ಹೋಗಲಿಲ್ಲ ಬೊಮ್ಮಯ್ಯ, ನಾಚಿಕೆಗೆ ಊರು ಬಿಟ್ಟ. ಎಲ್ಲವನ್ನೂ ಬಿಟ್ಟ ದೊಡ್ಡವನೆಂದು ನೀವು ಅವನ ಕಾಲಿಗೆ ಬಿದ್ದು ಗುರು ಎಂದಿರಿ."